ಮಾಳಿಗೆ ಮೇಲೆ ನಾಲ್ಕು ದ್ವೀಪ ಮಾಡುವುದು ಹೇಗೆ?

1963ರ ನವೆಂಬರ್‌ನಲ್ಲಿ ಐಸ್‌ಲ್ಯಾಂಡ್ ಹತ್ತಿರದ ಸಮುದ್ರದಲ್ಲಿ ಜ್ವಾಲಾಮುಖಿ ಸಿಡಿದು ಸರ್ಟ್‌ಸೇ ಎಂಬ ಹೊಸ ದ್ವೀಪ ಎದ್ದಿತು. ಬಿಸಿ ಬೂದಿ, ಕಲ್ಲು, ಅಷ್ಟೇ. ಅಂಥ ಕಡೆ ಮಳೆನೀರು ನಿಂತರೆ ಅದರೊಳಗೆ ಕಣ್ಣಿಗೆ ಕಾಣದ ಜೀವಿಗಳು ಎಲ್ಲಿಂದ ಬರುತ್ತವೆ? ಇದನ್ನು ನೋಡಲು ಹಡಗು ಹತ್ತಬೇಕಿಲ್ಲ. ವಿಜಯಪುರದ ಒಂದು ಮಾಳಿಗೆ, ನಾಲ್ಕು ಗಾಜಿನ ಲೋಟ, ಒಂದು ಹಿಡಿ ಜೋಳದ ಕಣಿಕಿ, ಅಂದರೆ ಒಣಗಿದ ದಂಟು, ಸಾಕು. ಒಂದೊಂದು ಲೋಟವೂ ಒಂದೊಂದು ದ್ವೀಪ.

ಮೊದಲು ಊಟದ ವ್ಯವಸ್ಥೆ. ಕಣಿಕಿಯನ್ನು ಬೆರಳುದ್ದ ಕತ್ತರಿಸಿ, ಒಂದು ಲೀಟರ್ ನೀರಲ್ಲಿ ಹದಿನೈದು ನಿಮಿಷ ಕುದಿಸಿ. ತಿಳಿ ಚಹಾದ ಬಣ್ಣ ಬರಬೇಕು. ಅಲ್ಲಿಗೆ ಎಲ್ಲ ಸತ್ತವು ಅಂದುಕೊಳ್ಳಬೇಡಿ. ಒಣಹುಲ್ಲಿನಲ್ಲಿರುವ ಕೆಲವು ಬ್ಯಾಕ್ಟೀರಿಯಾದ ಬೀಜಕಗಳು, ಅಂದರೆ ಗಟ್ಟಿ ಕವಚದೊಳಗೆ ಮಲಗಿದ ರೂಪಗಳು, ಕುದಿಯುವ ನೀರಿಗೂ ಜಗ್ಗುವುದಿಲ್ಲ. ಇದಕ್ಕೆ 1877ರಲ್ಲಿ ಜಾನ್ ಟಿಂಡಲ್ ಎಂಬ ವಿಜ್ಞಾನಿ ಉಪಾಯ ಹೇಳಿದ್ದ. ಇವತ್ತು ಕುದಿಸಿ ಮುಚ್ಚಿಡಿ. ರಾತ್ರಿ ಬೀಜಕಗಳು ಮೊಳೆಯುತ್ತವೆ, ಆಗ ಮೆತ್ತಗಾಗುತ್ತವೆ. ನಾಳೆ ಮತ್ತೆ ಕುದಿಸಿ, ನಾಡಿದ್ದು ಇನ್ನೊಮ್ಮೆ.

ಈಗ ಈ ಕಣಿಕಿ ನೀರನ್ನು ಕುದಿನೀರಲ್ಲಿ ತೊಳೆದ ಲೋಟಗಳಿಗೆ ಹಾಕಿ. ಒಂದನೆಯದನ್ನು ಬಿಗಿಯಾಗಿ ಮುಚ್ಚಿ. ಎರಡನೆಯದನ್ನು ತೆರೆದಿಟ್ಟು ಸೊಳ್ಳೆ ಪರದೆಯ ತುಂಡು ಕಟ್ಟಿ. ಧೂಳು ಇಳಿಯಲಿ, ಸೊಳ್ಳೆ ಮೊಟ್ಟೆ ಬೇಡ. ಮೂರನೆಯದಕ್ಕೆ ಕೆರೆ ದಂಡೆಯ ಚಿಟಿಕೆ ಮಣ್ಣು, ಪೂರ್ತಿ ಒಣಗಿದ್ದು. ನಾಲ್ಕನೆಯದಕ್ಕೆ ಎರಡು ಚಮಚ ಬಾವಿ ನೀರು. ನಮ್ಮೂರಲ್ಲಿ ಬಾವಿಗೆ ಬರವೇ? ತಾಜ್ ಬಾವಡಿಗೇ ನಾನೂರು ವರ್ಷ ದಾಟಿದೆ. ಆದರೆ ಅಲ್ಲಿ ಇಳಿಯಲು ಹೋಗಬೇಡಿ, ಯಾವುದಾದರೂ ಹೊಲದ ಬಾವಿ ಸಾಕು. ಮೂರು ಮತ್ತು ನಾಲ್ಕಕ್ಕೂ ಪರದೆ ಕಟ್ಟಿ, ಎಲ್ಲವನ್ನೂ ನೆರಳಲ್ಲಿಡಿ.

ನೋಡಲು ಹನಿ ತೆಗೆಯುವಾಗ ಲೋಟಕ್ಕೊಂದು ಬೇರೆ ಡ್ರಾಪರ್ ಇರಲೇಬೇಕು. ಮೊದಲ ಸಲ ನಾನು ಸುಮ್ನೆ ಒಂದರಲ್ಲೇ ನಾಲ್ಕನ್ನೂ ಮುಟ್ಟಿದೆ. ವಾರದಲ್ಲಿ ನಾಲ್ಕು ಲೋಟದಲ್ಲೂ ಒಂದೇ ಸಂಸಾರ! ಹಡಗುಗಳು ತಳದಲ್ಲಿ ತುಂಬಿಕೊಂಡ ನೀರನ್ನು ಬಂದರಿನಿಂದ ಬಂದರಿಗೆ ಒಯ್ದು ಮಾಡುವ ಅವಾಂತರವೂ ಇದೇ.

ನೋಡಲು ಶಾಲೆಯ ಸೂಕ್ಷ್ಮದರ್ಶಕ ಅಥವಾ ಕಾಗದದ ಫೋಲ್ಡ್‌ಸ್ಕೋಪ್ ಸಾಕು. ಫೋಲ್ಡ್‌ಸ್ಕೋಪ್ 140 ಪಟ್ಟು ಹಿಗ್ಗಿಸಿ ತೋರಿಸುತ್ತದೆ. ಎರಡು-ಮೂರು ದಿನಕ್ಕೆ ಮುಚ್ಚದ ಲೋಟಗಳ ನೀರು ಮಬ್ಬಾಗಿ ಮೇಲೆ ಕೆನೆಯಂಥ ಪದರ ಬರುತ್ತದೆ. ಅದು ಬ್ಯಾಕ್ಟೀರಿಯಾ. ಅವನ್ನು ತಿನ್ನಲು ಬರುವವರು ಆಮೇಲೆ. ಎರಡನೆಯ ಲೋಟದಲ್ಲಿ ಅವರೆಕಾಳಿನಾಕಾರದ ಕೊಲ್ಪೋಡಾ ಎಂಬ ಏಕಕೋಶ ಜೀವಿ ಸಿಗಬಹುದು. ಅದು ಒಣಗಿದಾಗ ಗಟ್ಟಿ ಕವಚದೊಳಗೆ ಮುದುಡಿ ಧೂಳಿನ ಜೊತೆ ಹಾರುತ್ತದೆ. ನಮ್ಮೂರ ಧೂಳಿಗೂ ಒಂದು ಕೆಲಸ ಸಿಕ್ಕಿತು ನೋಡಿ. ಕೇಪ್ ವರ್ಡೆ ದ್ವೀಪಗಳ ಕಡೆ ಹಡಗಿನ ಮೇಲೆ ಬೀಳುವ ಧೂಳಿನ ಐದು ಪೊಟ್ಟಣಗಳನ್ನು ಡಾರ್ವಿನ್ ಜರ್ಮನಿಯ ವಿಜ್ಞಾನಿ ಎಹ್ರೆನ್‌ಬರ್ಗ್‌ಗೆ ಕಳಿಸಿದ್ದ. ಆತ ಅದರಲ್ಲಿ ಜೀವಿಗಳ 67 ಬಗೆಯ ಕುರುಹು ಗುರುತಿಸಿದ.

ಮೂರನೆಯ ಲೋಟದಲ್ಲಿ ರೋಟಿಫರ್ ಎಂಬ ಪುಟ್ಟ ಪ್ರಾಣಿಗೆ ಕಾಯಿರಿ. ಜಿಗಣೆಯಂತೆ ಹಿಗ್ಗಿ ಕುಗ್ಗಿ ನಡೆಯುತ್ತದೆ. ನಿಂತಾಗ ತಲೆ ಮೇಲೆ ಎರಡು ಚಕ್ರ ತಿರುಗಿದಂತೆ ಕಾಣುತ್ತದೆ. ಒಣಮಣ್ಣಲ್ಲಿ ಸತ್ತಂತೆ ಬಿದ್ದಿದ್ದು, ನೀರು ತಾಕಿದರೆ ಎದ್ದು ಕೂರುವ ಪ್ರಾಣಿ.

ಪ್ಯಾರಮೀಸಿಯಂ ಮಾತ್ರ ಸಾಮಾನ್ಯವಾಗಿ ನಾಲ್ಕನೆಯದರಲ್ಲೇ. ಚಪ್ಪಲಿಯಾಕಾರದ ಈ ಏಕಕೋಶ ಜೀವಿ ಕಣಿಕಿ ನಾರಿಗೆ ಡಿಕ್ಕಿ ಹೊಡೆದು, ಹಿಂದೆ ಸರಿದು, ಸ್ವಲ್ಪ ತಿರುಗಿ ಮತ್ತೆ ನುಗ್ಗುತ್ತದೆ. ಥೇಟ್ ಗಾಂಧಿ ಚೌಕದ ಆಟೊ. ಇದಕ್ಕೆ ಒಣಗಿ ಬದುಕುವ ವಿದ್ಯೆ ಗೊತ್ತಿಲ್ಲ. ‘ಎಲ್ಲವೂ ಎಲ್ಲೆಡೆ ಇದೆ, ಪರಿಸರ ಆರಿಸಿಕೊಳ್ಳುತ್ತದೆ’ ಎಂದು 1934ರಲ್ಲಿ ಡಚ್ ವಿಜ್ಞಾನಿ ಬಾಸ್ ಬೆಕಿಂಗ್ ಬರೆದ. ಚಂದದ ಮಾತು. ಆದರೆ ದ್ವೀಪಕ್ಕೆ ಹೋಗಲು ಪ್ಯಾರಮೀಸಿಯಂಗೆ ಹಕ್ಕಿಯ ಒದ್ದೆ ಕಾಲೋ, ನಮ್ಮ ಡ್ರಾಪರೋ ಬೇಕು.

ಮುಚ್ಚಿದ ಲೋಟವನ್ನು ಎರಡು ವಾರ ಬಿಟ್ಟು ಕೊನೆಗೆ ತೆಗೆಯಿರಿ. ತಿಳಿಯಾಗಿದ್ದರೆ ಸರಿ. ಮಬ್ಬಾಗಿದ್ದರೆ ಕುದಿಸುವಾಗಲೋ ಮುಚ್ಚುವಾಗಲೋ ಎಡವಟ್ಟಾಗಿದೆ, ಹೊಸ ಕಣಿಕಿ ತಂದು ಮತ್ತೆ ಒಲೆ ಹಚ್ಚಿ.