ಹಣವಿಲ್ಲದ ಮನೆಯಿಂದ ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ಗೆ: ನಾನು ಹಿಡಿದ ದಾರಿ, ಅದರ ಲೆಕ್ಕ

ನಮ್ಮದು ವಿಜಯಪುರ ಜಿಲ್ಲೆ. ಮನೆಗೆ ದ್ರಾಕ್ಷಿ ತೋಟದ ಕೂಲಿಯೇ ಆಧಾರ. ಹಳ್ಳಿಯ ಕನ್ನಡ ಶಾಲೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ ಎಲೆಕ್ಟ್ರಿಕಲ್ ಡಿಪ್ಲೊಮಾ ಮಾಡಿದೆ, ಡಿಸಿಇಟಿ (ಡಿಪ್ಲೊಮಾದವರ ಬಿಇ ಪ್ರವೇಶ ಪರೀಕ್ಷೆ) ಬರೆದು ಬಿಇಗೆ ಸೇರಿದೆ, ಈಗ ವಿದ್ಯುತ್ ವಿತರಣೆಯಲ್ಲಿ ಕೆಲಸ. ನನ್ನ ಬಗ್ಗೆ ಇಷ್ಟು ಸಾಕು. ಊರೂರಿಗೆ ಹೋದಾಗ ಹೆಣ್ಣುಮಕ್ಕಳ ತಾಯಂದಿರು ಕೇಳುವುದು ಎರಡೇ: ‘ಎಷ್ಟ್ ರೊಕ್ಕ ಬೇಕಾಗ್ತದ್ರಿ ಅಕ್ಕಾರ?’, ‘ಹುಡಿಗ್ಯಾರಿಗೆ ಇದು ಆಗೂ ಕೆಲಸ ಏನ್ರಿ?’ ಎರಡಕ್ಕೂ ನಿಂತಲ್ಲೇ ಹೇಳಿ ಮುಗಿಸುವ ಉತ್ತರವಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ತೀರ್ಮಾನ ಹತ್ತನೇ ತರಗತಿ ಮುಗಿದ ಕೂಡಲೇ ಆಗಬೇಕು: ಪಿಯುಸಿ ವಿಜ್ಞಾನವೋ, ಡಿಪ್ಲೊಮಾವೋ. ವರ್ಷಗಳ ಲೆಕ್ಕದಲ್ಲಿ ಎರಡೂ ಒಂದೇ. ಪಿಯುಸಿ 2, ಬಿಇ 4. ಡಿಪ್ಲೊಮಾ 3, ನೇರ ಎರಡನೇ ವರ್ಷಕ್ಕೆ ಸೇರಿದರೆ ಬಿಇ 3. ಎರಡೂ ಕಡೆ 6 ವರ್ಷ. ನಡುವೆ ಓದು ನಿಲ್ಲಿಸಬೇಕಾಗಿ ಬಂದಾಗ ವ್ಯತ್ಯಾಸ ಗೊತ್ತಾಗುತ್ತದೆ. ಬರೀ ಪಿಯುಸಿ ಅಂಕಪಟ್ಟಿ ಹಿಡಿದು ಹೋದರೆ ಕೆಲಸ ಕೊಡುವವರು ಕಡಿಮೆ. ಡಿಪ್ಲೊಮಾ ಇದ್ದರೆ ಸರ್ಕಾರಿ ವಿದ್ಯುತ್ ಕಂಪನಿಗಳಾದ ಕೆಪಿಟಿಸಿಎಲ್, ಹೆಸ್ಕಾಂಗಳ ಜೆಇ (ಕಿರಿಯ ಎಂಜಿನಿಯರ್) ಹುದ್ದೆಗೆ ಅರ್ಹತೆ ಬಂತು; ಮುಧೋಳ, ಜಮಖಂಡಿ ಕಡೆಯ ಸಕ್ಕರೆ ಕಾರ್ಖಾನೆ, ಬಾಗಲಕೋಟೆ ಜಿಲ್ಲೆಯ ಸಿಮೆಂಟ್ ಕಾರ್ಖಾನೆಗಳ ಎಲೆಕ್ಟ್ರಿಕಲ್ ವಿಭಾಗಕ್ಕೂ ಹೋಗಿ ಕೇಳಬಹುದು. ಹಣವಿಲ್ಲದ ಮನೆಯವರು ಕೊನೆಗೆ ಸಂಬಳ ಎಷ್ಟು ಬರುತ್ತದೆ ಎಂದು ನೋಡಿ ದಾರಿ ಆರಿಸಬಾರದು, ನಡುವೆ ಎಲ್ಲೆಲ್ಲಿ ಇಳಿದು ದುಡಿಯಬಹುದು ಎಂದು ನೋಡಿ ಆರಿಸಬೇಕು. ಈ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಡಿಪ್ಲೊಮಾ ಸೀಟು ಸಿಗದವರು ಎರಡು ವರ್ಷದ ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿ ಡಿಪ್ಲೊಮಾ ಎರಡನೇ ವರ್ಷಕ್ಕೆ ಸೇರಬಹುದು. ಒಂದು ವರ್ಷ ಹೆಚ್ಚು ಹಿಡಿಯುತ್ತದೆ, ಆದರೆ ಕೈಗೆ ಕೆಲಸ ಚೆನ್ನಾಗಿ ಹತ್ತುತ್ತದೆ.

ಗಣಿತಕ್ಕಿಂತ ಮೊದಲು ಕಾಗದ. ಬುದ್ಧಿವಂತ ಹುಡುಗಿಯರು ಸೀಟು, ಸ್ಕಾಲರ್‌ಶಿಪ್ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲೇ. ಹತ್ತನೇ ತರಗತಿಯಲ್ಲಿರುವಾಗಲೇ ನಾಡಕಚೇರಿಯಿಂದ ಜಾತಿ-ಆದಾಯ ಪ್ರಮಾಣಪತ್ರ ಮಾಡಿಸಿ. ಅದರ ಮೇಲಿರುವ ಆರ್‌ಡಿ ಸಂಖ್ಯೆ ಇಲ್ಲದೆ ಎಸ್‌ಎಸ್‌ಪಿಯಲ್ಲಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಆದಾಯ ಪತ್ರದ ಅವಧಿ 5 ವರ್ಷ. ಆರು ವರ್ಷದ ಓದಿನ ನಡುವೆ ಒಮ್ಮೆ ಮುಗಿಯುತ್ತದೆ, ಮುಗಿಯುವ ಮುಂಚೆಯೇ ಹೊಸದಕ್ಕೆ ಕೊಡಿ. ಇನ್ನೊಂದು ತೊಡಕು ಹೆಸರು. ಶಾಲೆಯ ದಾಖಲೆಯಲ್ಲಿ ‘ಲಕ್ಷ್ಮೀ’, ಆಧಾರ್‌ನಲ್ಲಿ ‘ಲಕ್ಷ್ಮೀಬಾಯಿ’, ಪಾಸ್‌ಬುಕ್ಕಿನಲ್ಲಿ ಅಡ್ಡಹೆಸರು ಮುಂದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ ತಿದ್ದಿಸುವುದು ಕಷ್ಟ, ಹಾಗಾಗಿ ಅದರಲ್ಲಿರುವಂತೆ ಆಧಾರನ್ನು ತಿದ್ದಿಸಿ, ಆಮೇಲೆ ಬ್ಯಾಂಕು. ಬ್ಯಾಂಕಿಗೆ ಆಧಾರ್ ಪ್ರತಿ ಕೊಟ್ಟ ಮಾತ್ರಕ್ಕೆ ಮುಗಿಯಲಿಲ್ಲ. ಸ್ಕಾಲರ್‌ಶಿಪ್ ದುಡ್ಡು ಬೀಳುವುದು ಎನ್‌ಪಿಸಿಐ ಮ್ಯಾಪಿಂಗ್ ಆದ, ಅಂದರೆ ಸರ್ಕಾರದ ಹಣ ಪಡೆಯಲು ಆಧಾರ್ ಜೋಡಣೆಯಾದ ಖಾತೆಗೆ. ಎರಡು ಖಾತೆ ಇದ್ದರೆ ಕೊನೆಯದಾಗಿ ಮ್ಯಾಪ್ ಆದದ್ದಕ್ಕೆ ಹೋಗುತ್ತದೆ. ‘ರೊಕ್ಕ ಬಂದೇ ಇಲ್ರಿ’ ಅನ್ನುವವರ ಹಣ ಎಷ್ಟೋ ಸಲ ಮರೆತುಹೋದ ಹಳೇ ಖಾತೆಯಲ್ಲಿ ಕೂತಿರುತ್ತದೆ.

ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಕೋಟಾಕ್ಕೆ 1ರಿಂದ 10ನೇ ತರಗತಿವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುಸಹಿ ಇರಬೇಕು. ಗೋವಾ, ಪುಣೆ, ರತ್ನಾಗಿರಿಗೆ ದುಡಿಯಲು ಹೋಗುವ ಮನೆಗಳ ಮಕ್ಕಳು ಇಲ್ಲಿ ಸಿಕ್ಕಿಬೀಳುತ್ತಾರೆ. ನಡುವೆ ಒಂದೆರಡು ವರ್ಷ ಅಲ್ಲಿಯ ಶಾಲೆಯಲ್ಲಿ ಓದಿದ್ದರೆ ಹತ್ತು ವರ್ಷ ಪೂರ್ತಿಯಾಗುವುದಿಲ್ಲ, ಗ್ರಾಮೀಣ ಕೋಟಾ ಹೋಯಿತು. ಮಗುವನ್ನು ಅಜ್ಜಿಯ ಹತ್ತಿರ ಬಿಟ್ಟು ಊರ ಶಾಲೆಯಲ್ಲೇ ಓದಿಸಲು ಆಗುವುದಾದರೆ ಅದರಿಂದ ಬರುವ ಲಾಭ ಸಣ್ಣದಲ್ಲ. ಇನ್ನು 371(ಜೆ), ಸಂವಿಧಾನದಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳಿಗೆ ಕೊಟ್ಟ ಮೀಸಲಾತಿ. ವಿಜಯಪುರದ ಬಸ್ಸಿನ ಮೇಲೆ ‘ಕಲ್ಯಾಣ ಕರ್ನಾಟಕ’ ಎಂದು ಬರೆದಿದೆ, ಅದನ್ನು ನೋಡಿ ಆ ಮೀಸಲಾತಿಯೂ ನಮ್ಮದೇ ಅಂದುಕೊಳ್ಳುವವರಿದ್ದಾರೆ. ವಿಜಯಪುರ, ಬಾಗಲಕೋಟೆ, ಬೆಳಗಾವಿ ಮೂರೂ ಅದಕ್ಕೆ ಸೇರಿಲ್ಲ. ಅರ್ಜಿಯಲ್ಲಿ ಆ ಕಾಲಂ ತುಂಬಬೇಡಿ, ಪರಿಶೀಲನೆಯಲ್ಲಿ ನಿಲ್ಲುವುದಿಲ್ಲ.

ರೊಕ್ಕದ ವಿಷಯ. ಸರ್ಕಾರಿ ಪಾಲಿಟೆಕ್ನಿಕ್‌ನ ಶುಲ್ಕ ಭಾರವಲ್ಲ. ಊಟ, ವಸತಿಯೇ ಭಾರ. ಹಿಂದುಳಿದ ವರ್ಗಗಳ ಇಲಾಖೆಯ ಮೆಟ್ರಿಕ್ ನಂತರದ ಬಾಲಕಿಯರ ಹಾಸ್ಟೆಲ್‌ಗೆ ಮೊದಲು ಅರ್ಜಿ ಹಾಕಬೇಕು. ಅಲ್ಲಿ ಸಿಗದಿದ್ದರೆ ವಿದ್ಯಾಸಿರಿ: ಊಟ, ವಸತಿಗೆಂದು ತಿಂಗಳ ನೆರವು, ವರ್ಷಕ್ಕೆ 10 ತಿಂಗಳು. ಎಐಸಿಟಿಇ (ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ) ಕೊಡುವ ಪ್ರಗತಿ ಸ್ಕಾಲರ್‌ಶಿಪ್ ಹುಡುಗಿಯರಿಗೆಂದೇ ಇದೆ, ವರ್ಷಕ್ಕೆ 50,000 ರೂಪಾಯಿ; ಕುಟುಂಬದ ಆದಾಯ 8 ಲಕ್ಷದೊಳಗಿರಬೇಕು, ಒಂದು ಮನೆಯಿಂದ ಇಬ್ಬರವರೆಗೆ. ಡಿಪ್ಲೊಮಾದ ಮೊದಲ ವರ್ಷದಲ್ಲಿ, ಬಿಇಗೆ ನೇರ ಪ್ರವೇಶ ಪಡೆದವರು ಎರಡನೇ ವರ್ಷದಲ್ಲಿ ಹಾಕಬೇಕು. ಆ ವರ್ಷ ತಪ್ಪಿದರೆ ಆ ಕೋರ್ಸಿಗೆ ಮತ್ತೆ ಅವಕಾಶವಿಲ್ಲ. ಇದರ ಜೊತೆ ಬೇರೆ ಸ್ಕಾಲರ್‌ಶಿಪ್ ಇರಬಾರದೆಂಬ ಷರತ್ತಿದೆ, ಯಾವುದರಲ್ಲಿ ಹೆಚ್ಚು ಬರುತ್ತದೆ ಎಂದು ಮೊದಲೇ ಕೂತು ಲೆಕ್ಕ ಹಾಕಿ. ಒಂದು ಮಾತ್ರ ನೆನಪಿರಲಿ: ಶುಲ್ಕ ಕಟ್ಟುವ ದಿನ ಮೊದಲು ಬರುತ್ತದೆ, ಸ್ಕಾಲರ್‌ಶಿಪ್ ಆಮೇಲೆ, ಕೆಲವೊಮ್ಮೆ ವರ್ಷದ ಕೊನೆಗೆ. ಮೊದಲ ಮೂರು ನಾಲ್ಕು ತಿಂಗಳ ಖರ್ಚನ್ನು ಸಂಘದ ಸಾಲದಿಂದಲೋ ಹೇಗೋ ಹೊಂದಿಸಿಟ್ಟುಕೊಂಡೇ ಸೇರಬೇಕು. ಬಡ್ಡಿಗೆ ಕೈಗಡ ತರುವುದಕ್ಕಿಂತ ಸ್ತ್ರೀಶಕ್ತಿ ಸಂಘದ ಸಾಲ ಎಷ್ಟೋ ವಾಸಿ. ಬಸ್ಸಿನ ಚಿಂತೆ 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ತಪ್ಪಿತು, ಹತ್ತಿರದ ಊರಿನವರು ದಿನಾ ಹೋಗಿ ಬರಬಹುದು.

ಕನ್ನಡ ಮಾಧ್ಯಮದವರಿಗೆ ಡಿಪ್ಲೊಮಾದ ಮೊದಲ ಸೆಮಿಸ್ಟರ್ ಇಂಗ್ಲಿಷಿನಿಂದ ಕಷ್ಟ, ಬಿಇಯ ಮೂರನೇ ಸೆಮಿಸ್ಟರ್ ಗಣಿತದಿಂದ ಕಷ್ಟ. ಇಂಗ್ಲಿಷಿಗೆ ನಾನು ಮಾಡಿದ್ದು ಇಷ್ಟೇ: ವ್ಯಾಖ್ಯೆಗಳನ್ನು ಬಾಯಿಪಾಠ ಮಾಡಲಿಲ್ಲ, ಸರ್ಕ್ಯೂಟ್ ಚಿತ್ರ ಬರೆದು ಒಂದೊಂದು ಭಾಗಕ್ಕೂ ಹೆಸರು ಬರೆದೆ, ಆಮೇಲೆ ಚಿತ್ರ ನೋಡಿಕೊಂಡು ಸಣ್ಣ ಸಣ್ಣ ವಾಕ್ಯ. ಎಲೆಕ್ಟ್ರಿಕಲ್‌ನಲ್ಲಿ ಚಿತ್ರ ಸರಿಯಿದ್ದರೆ ಅರ್ಧ ಉತ್ತರ ಆದಂತೆ. ಈಗ ಎಐಸಿಟಿಇಯ ಇ-ಕುಂಭ್‌ನಲ್ಲಿ ಕನ್ನಡದ ತಾಂತ್ರಿಕ ಪುಸ್ತಕಗಳು ಪುಕ್ಕಟೆ ಸಿಗುತ್ತವೆ. ವಿಷಯ ತಿಳಿಯಲು ಅವನ್ನು ಓದಿ, ಪರೀಕ್ಷೆಯ ಪದಗಳನ್ನು ಇಂಗ್ಲಿಷ್ ಪುಸ್ತಕದಿಂದ ಹಿಡಿಯಿರಿ.

ಗಣಿತದಲ್ಲಿ ಡಿಪ್ಲೊಮಾದವರು ಪಿಯುಸಿಯವರಿಗಿಂತ ಹಿಂದೆ ಇರುತ್ತಾರೆ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಬಿಇಗೆ ಹೋದ ಕೂಡಲೇ ಲಾಪ್ಲಾಸ್, ಫೂರಿಯರ್, ಜ಼ಡ್-ಟ್ರಾನ್ಸ್‌ಫಾರ್ಮ್ ಎದುರಾಗುತ್ತವೆ. ಡಿಪ್ಲೊಮಾ ಕೊನೆಯ ಪರೀಕ್ಷೆಗೂ ಕಾಲೇಜು ಶುರುವಾಗುವುದಕ್ಕೂ ನಡುವಿನ ರಜೆಯಲ್ಲಿ ಮೂರನ್ನೇ ಗಟ್ಟಿ ಮಾಡಿಕೊಳ್ಳಿ: ಭಾಗಶಃ ಭಿನ್ನರಾಶಿ (ಪಾರ್ಶಿಯಲ್ ಫ್ರ್ಯಾಕ್ಷನ್), ಭಾಗಶಃ ಅನುಕಲನ (ಇಂಟಿಗ್ರೇಷನ್ ಬೈ ಪಾರ್ಟ್ಸ್), ಸಂಕೀರ್ಣ ಸಂಖ್ಯೆ (ಕಾಂಪ್ಲೆಕ್ಸ್ ನಂಬರ್). ಬೆಳಗಾವಿಯ ತಾಂತ್ರಿಕ ವಿಶ್ವವಿದ್ಯಾಲಯ ವಿಟಿಯುನಲ್ಲಿ ನಾವು ಓದಿದ ಸ್ಕೀಮ್‌ನಲ್ಲಿ ನೇರ ಪ್ರವೇಶದವರಿಗೆ ಹೆಚ್ಚುವರಿ ಗಣಿತ ಇತ್ತು, ಹುಡುಗರ ಬಾಯಲ್ಲಿ ‘ಮ್ಯಾಟ್‌ಡಿಪ್’. ಅದಕ್ಕೆ ಕ್ರೆಡಿಟ್ ಇಲ್ಲವೆಂದು ಬಿಟ್ಟವರು ಎಲ್ಲ ಪಾಸಾಗಿಯೂ ಪದವಿಗೆ ಕಾದರು. ಸಂಕೀರ್ಣ ಸಂಖ್ಯೆ ಇಡೀ ಎಸಿ ಸರ್ಕ್ಯೂಟಿನ ಬೆನ್ನೆಲುಬು. 3 ಓಮ್ ರೆಸಿಸ್ಟನ್ಸ್, 4 ಓಮ್ ಇಂಡಕ್ಟಿವ್ ರಿಯಾಕ್ಟನ್ಸ್ ಸರಣಿಯಲ್ಲಿ, 230 ವೋಲ್ಟ್. ಇಂಪಿಡೆನ್ಸ್ 5 ಓಮ್, ಕೋನ 53.13 ಡಿಗ್ರಿ, ಕರೆಂಟ್ 46 ಆಂಪಿಯರ್, ಪವರ್ ಫ್ಯಾಕ್ಟರ್ 0.6, ಪವರ್ 6,348 ವ್ಯಾಟ್. ಇದನ್ನು ಕ್ಯಾಲ್ಕುಲೇಟರ್‌ನ ಕಾಂಪ್ಲೆಕ್ಸ್ ಮೋಡ್‌ನಲ್ಲಿ ಅರ್ಧ ನಿಮಿಷದಲ್ಲಿ ಮಾಡಲು ಬಂದರೆ ಪವರ್ ಸಿಸ್ಟಮ್ಸ್‌ಗೆ ಹೆದರಬೇಕಿಲ್ಲ. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆಯೋ ರೇಡಿಯನ್‌ನಲ್ಲಿದೆಯೋ ಎಂದು ನೋಡಿಕೊಳ್ಳಿ. ಸರಿಯಾದ ವಿಧಾನಕ್ಕೆ ತಪ್ಪು ಉತ್ತರ ಬರುವುದು ಬಹಳ ಸಲ ಇದರಿಂದಲೇ.

ಬಡತನದಿಂದ ಬಂದವರಿಗೆ ಒಂದು ಅನುಕೂಲ ಇದೆ, ಅದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ಹೊಲದ ಬೋರು, ಸುಟ್ಟ ಮೋಟರು, ಕೈಕೊಟ್ಟ ಟಿಸಿ (ಟ್ರಾನ್ಸ್‌ಫಾರ್ಮರ್) ನೋಡುತ್ತಲೇ ಬೆಳೆದಿರುತ್ತೇವೆ. ತರಗತಿಯ ಪಾಠವನ್ನು ಅದಕ್ಕೆ ಹಚ್ಚಿ ನೋಡಬೇಕು. ಹಳ್ಳಿಯ ಟಿಸಿಗಳು ಬಹುಪಾಲು 25, 63, 100 ಕೆವಿಎ (ಟಿಸಿ ಹೊರಬಲ್ಲ ಲೋಡಿನ ಅಳತೆ). 11 ಕೆವಿಯನ್ನು 433 ವೋಲ್ಟ್‌ಗೆ ಇಳಿಸುತ್ತವೆ. ಕೆವಿಎಯನ್ನು 1.33ರಿಂದ ಗುಣಿಸಿದರೆ ಎಲ್‌ಟಿ (ಕಡಿಮೆ ವೋಲ್ಟೇಜ್) ಕಡೆಯ ಪೂರ್ಣ ಕರೆಂಟ್ ಸಿಗುತ್ತದೆ, 63ಕ್ಕೆ 84 ಆಂಪಿಯರ್. 5 ಎಚ್‌ಪಿ ಅಂದರೆ 3.73 ಕಿಲೋವ್ಯಾಟ್. ದಕ್ಷತೆ 75%, ಪವರ್ ಫ್ಯಾಕ್ಟರ್ 0.8 ಹಿಡಿದರೆ ಒಂದು ಪಂಪಿಗೆ ಸುಮಾರು 6.2 ಕೆವಿಎ, ಹತ್ತು ಪಂಪಿಗೆ 63 ತುಂಬಿತು. ದಾಖಲೆಯಲ್ಲಿ 5, ಬೋರಿನಲ್ಲಿ 7.5 ಎಚ್‌ಪಿ ಇದ್ದರೆ ಏಳಕ್ಕೇ ಮುಗಿಯಿತು. ಆಮೇಲೆ ವೋಲ್ಟೇಜ್ ಕುಸಿಯುತ್ತದೆ. ಟಾರ್ಕ್ ವೋಲ್ಟೇಜಿನ ವರ್ಗಕ್ಕೆ ಅನುಗುಣ. 415 ಇರಬೇಕಾದಲ್ಲಿ 332 ಬಂದರೆ ಟಾರ್ಕ್ 64%. ನೀರಿನ ಭಾರ ಅಷ್ಟೇ ಇರುವುದರಿಂದ ಮೋಟರ್ ಹೆಚ್ಚು ಕರೆಂಟ್ ಎಳೆದು ವೈಂಡಿಂಗ್ ಸುಟ್ಟುಕೊಳ್ಳುತ್ತದೆ. ‘ಕರೆಂಟ್ ಕಡಿಮಿ ಬಂದು ಮೋಟರ್ ಸುಟ್ಟತು’ ಅನ್ನುತ್ತಾರೆ ರೈತರು. ಕಡಿಮೆ ಆಗಿದ್ದು ವೋಲ್ಟೇಜ್, ಸುಟ್ಟಿದ್ದು ಹೆಚ್ಚಾದ ಕರೆಂಟ್.

ಸಂದರ್ಶನವಿರಲಿ, ಫೀಲ್ಡ್ ಇರಲಿ, ಉಪಯೋಗಕ್ಕೆ ಬರುವ ಇನ್ನೊಂದು ಲೆಕ್ಕ. ಟಿಸಿಯ ಎಲ್‌ಟಿ ಕಡೆ ಮೂರು ಫೇಸ್‌ಗಳನ್ನು ನ್ಯೂಟ್ರಲ್‌ಗೆ ಅಳೆಯಿರಿ. ಒಂದು ಫೇಸ್ ಸೊನ್ನೆ, ಉಳಿದೆರಡು 240ರ ಆಸುಪಾಸು ಇದ್ದರೆ ಎಲ್‌ಟಿ ಫ್ಯೂಸ್ ಹೋಗಿದೆ. ಒಂದರಲ್ಲಿ 240, ಉಳಿದೆರಡರಲ್ಲಿ ಹೆಚ್ಚುಕಡಿಮೆ 120 ಬಂದರೆ 11 ಕೆವಿ ಕಡೆ ಒಂದು ಎಚ್‌ಜಿ (ಹಾರ್ನ್ ಗ್ಯಾಪ್) ಫ್ಯೂಸ್ ಹೋಗಿದೆ. ಕಾರಣ: ಎಚ್‌ಟಿ (ಹೆಚ್ಚು ವೋಲ್ಟೇಜ್ ಕಡೆಯ) ವೈಂಡಿಂಗ್ ಡೆಲ್ಟಾ, ಅಂದರೆ ಮೂರು ಸುರುಳಿಗಳ ತ್ರಿಕೋನ ಜೋಡಣೆ. ಒಂದು ಲೈನ್ ತಪ್ಪಿದರೆ ಒಂದು ಸುರುಳಿಗೆ ಪೂರ್ತಿ ವೋಲ್ಟೇಜ್ ಸಿಗುತ್ತದೆ, ಉಳಿದೆರಡು ಸರಣಿಯಲ್ಲಿ ಬಿದ್ದು ಅರ್ಧರ್ಧ ಹಂಚಿಕೊಳ್ಳುತ್ತವೆ. ಲೋಡ್ ಇದ್ದಾಗ ಈ ಅರ್ಧ ಸಮವಾಗಿ ಬರುವುದಿಲ್ಲ, ಗಾಬರಿಯಾಗಬೇಡಿ. ಮನೆಗಳಲ್ಲಿ ಕೆಲವು ಬಲ್ಬು ಮಂಕು, ಕೆಲವು ಝಗ್ಗನೆ ಉರಿದು ಹೋದರೆ ಫ್ಯೂಸ್ ಹುಡುಕಬೇಡಿ, ನ್ಯೂಟ್ರಲ್ ಕಡಿದಿದೆ.

ಅರ್ತಿಂಗ್, ಅಂದರೆ ಉಪಕರಣವನ್ನು ಪೈಪ್ ಹುಗಿದು ನೆಲಕ್ಕೆ ಜೋಡಿಸುವುದು, ಪುಸ್ತಕದಲ್ಲಿ ಒಂದು ಪುಟ, ನಮ್ಮ ಕಡೆ ವರ್ಷವಿಡೀ ತಲೆನೋವು. ಎರೆ ಮಣ್ಣು ಹಸಿ ಇರುವಾಗ ಅರ್ತ್ ರೀಡಿಂಗ್ (ನೆಲದ ರೆಸಿಸ್ಟನ್ಸ್) ಕಡಿಮೆ, ಅಂದರೆ ಚೆನ್ನಾಗಿ ಬರುತ್ತದೆ. ಮಳೆಗಾಲದಲ್ಲಿ ಅಳೆದು ‘ಸರಿ ಇದೆ’ ಎಂದು ಬರೆದು ಬರುತ್ತಾರೆ. ಏಪ್ರಿಲ್‌ನಲ್ಲಿ ಅದೇ ನೆಲ ಬಿರುಕು ಬಿಟ್ಟು ಪೈಪಿನಿಂದ ದೂರ ಸರಿಯುತ್ತದೆ, ಪೈಪಿಗೂ ಮಣ್ಣಿಗೂ ನಡುವೆ ಗಾಳಿ. ಆದ್ದರಿಂದ ಇಲ್ಲಿ ಬೇಸಿಗೆಯಲ್ಲೇ ಅಳೆಯಬೇಕು. ಪೈಪಿನ ಸುತ್ತ ಇದ್ದಿಲು-ಉಪ್ಪು ಅಥವಾ ಬೆಂಟೊನೈಟ್ ತುಂಬಿ ನೀರು ಹಾಕುವ ಫನೆಲ್ ಉಳಿಸಿಕೊಳ್ಳಬೇಕು. ಬಾದಾಮಿ ಕಡೆಯ ಮರಳುಗಲ್ಲಿನಲ್ಲಿ ಒಂದು ಪೈಪಿಗೆ ರೀಡಿಂಗ್ ಇಳಿಯುವುದಿಲ್ಲ. ಎರಡು ಮೂರನ್ನು ಸಮಾನಾಂತರ ಜೋಡಿಸಬೇಕು, ನಡುವಿನ ಅಂತರ ಪೈಪಿನ ಉದ್ದದ ಎರಡು ಪಟ್ಟು. ಹತ್ತಿರ ಹತ್ತಿರ ಹುಗಿದರೆ ಎರಡು ಸೇರಿ ಒಂದರಂತೆ ಕೆಲಸ ಮಾಡುತ್ತವೆ, ಖರ್ಚು ಮಾತ್ರ ಎರಡರದು.

ಕೆಲಸಕ್ಕೆ ಅರ್ಹತೆ ಸರಳ: ಜೆಇಗೆ ಡಿಪ್ಲೊಮಾ, ಎಇಗೆ (ಸಹಾಯಕ ಎಂಜಿನಿಯರ್) ಬಿಇ. ಆದರೆ ನೇಮಕಾತಿ ಯಾವಾಗ ಬರುತ್ತದೆಂದು ಹೇಳಲಾಗದು. ಕಾಯುವ ಕಾಲದಲ್ಲಿ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಮಾಡುವುದು ಒಳ್ಳೆಯದು, ಸ್ಟೈಪೆಂಡೂ ಬರುತ್ತದೆ. ಗೇಟ್ (ಎಂಟೆಕ್ ಪ್ರವೇಶ ಪರೀಕ್ಷೆ) ಪಾಸಾಗಿ ಸೇರಿದರೆ ಎಂಟೆಕ್‌ಗೆ ತಿಂಗಳಿಗೆ 12,400 ರೂಪಾಯಿ ಸಿಗುತ್ತದೆ, ಮನೆಯಿಂದ ದುಡ್ಡು ತರಿಸದೆ ಓದಬಹುದು. ನಮ್ಮ ಜಿಲ್ಲೆಯಲ್ಲೇ ಕೂಡಗಿಯ 2,400 ಮೆಗಾವ್ಯಾಟ್ ಉಷ್ಣಸ್ಥಾವರ, ಆಲಮಟ್ಟಿಯ 290 ಮೆಗಾವ್ಯಾಟ್ ಜಲವಿದ್ಯುತ್ ಕೇಂದ್ರ ಇವೆ. ಡಿಪ್ಲೊಮಾದಲ್ಲಿರುವಾಗಲೇ ಕಾಲೇಜಿನ ಪತ್ರ ತಗೊಂಡು ಒಮ್ಮೆ ನೋಡಿ ಬನ್ನಿ.

ಇನ್ನು ‘ಆಗೂ ಕೆಲಸ ಏನ್ರಿ’ ಅನ್ನುವುದಕ್ಕೆ. ಜೆಇ, ಎಇ ದಿನಾ ಕಂಬ ಹತ್ತುವುದಿಲ್ಲ. ಅವರ ಕೆಲಸ ಕಂಬ ಹತ್ತಿದವರು ಜೀವಂತ ಇಳಿಯುವಂತೆ ನೋಡಿಕೊಳ್ಳುವುದು. ಎಲ್‌ಸಿ (ಲೈನ್ ಬಂದ್ ಮಾಡಿ ಕೆಲಸಕ್ಕೆ ಕೊಡುವ ಅನುಮತಿ) ತಗೊಂಡು ಜಿಒಎಸ್ (ಮೂರೂ ಫೇಸನ್ನು ಒಟ್ಟಿಗೆ ತೆಗೆಯುವ ಸ್ವಿಚ್) ತೆಗೆದ ಮೇಲೂ ಲೈನ್ ಸತ್ತಿದೆ ಎಂದು ನಂಬಬೇಡಿ. ಯಾರದೋ ಮನೆಯ ಇನ್ವರ್ಟರ್, ಜನರೇಟರ್‌ನಿಂದ ಹಿಮ್ಮುಖವಾಗಿ ಬರಬಹುದು. ಕಂಡೆನ್ಸರ್ ಹಾಕಿ ಸಿಂಗಲ್ ಫೇಸ್‌ನಲ್ಲಿ ಮೂರು ಫೇಸ್ ಮೋಟರ್ ಓಡಿಸುವ ಹೊಲಗಳಲ್ಲಿ, ತಿರುಗುತ್ತಿರುವ ಮೋಟರೇ ಇಲ್ಲದ ಫೇಸಿಗೆ ವೋಲ್ಟೇಜ್ ಹುಟ್ಟಿಸುತ್ತದೆ. ಟೆಸ್ಟರ್ ಹಚ್ಚಿ ನೋಡಿ, ಡಿಸ್ಚಾರ್ಜ್ ರಾಡ್‌ನಿಂದ ಕೆಲಸದ ಜಾಗದ ಎರಡೂ ಬದಿ ಮೂರೂ ಫೇಸ್ ಅರ್ತ್ ಮಾಡಿ, ಆಮೇಲಷ್ಟೇ ಲೈನ್‌ಮ್ಯಾನನಿಗೆ ‘ಹತ್ತಪಾ’ ಅನ್ನಿ. ರಾಡಿನ ಅರ್ತ್ ತುದಿ ಮೊದಲು ಜೋಡಿಸಬೇಕು, ತೆಗೆಯುವಾಗ ಅದು ಕೊನೆಗೆ.

ಗ್ಲೌಸ್ ವಿಷಯದಲ್ಲಿ ಸಂಕೋಚ ಬೇಡ. 11 ಕೆವಿಗೆ ಕ್ಲಾಸ್ 2 ಬೇಕು, ಅದು 17,000 ವೋಲ್ಟ್‌ವರೆಗೆ. ಸ್ಟೋರ್‌ನಲ್ಲಿ ಬರುವುದು ಬಹುಪಾಲು ಗಂಡಸರ ಅಳತೆ, ನಮ್ಮ ಕೈಯಲ್ಲಿ ಜಾರುತ್ತದೆ, ಹಿಡಿತ ಸಿಗುವುದಿಲ್ಲ. 8 ಅಥವಾ 9ರ ಅಳತೆ ಎಂದು ಇಂಡೆಂಟಿನಲ್ಲೇ (ಸಾಮಗ್ರಿಯ ಬೇಡಿಕೆ ಪತ್ರ) ಬರೆಯಿರಿ. ಹಾಕಿಕೊಳ್ಳುವ ಮುಂಚೆ ಪ್ರತಿ ಸಲ ಮಣಿಕಟ್ಟಿನಿಂದ ಸುತ್ತಿ ಒಳಗೆ ಗಾಳಿ ಹಿಡಿದು ನೋಡಿ. ಎಲ್ಲಾದರೂ ಸುಯ್ ಅಂದರೆ ಅದು ಕಸದ ಬುಟ್ಟಿಗೆ. ಬಳೆ, ಸರ ತೆಗೆದಿಡಿ, ನೈಲಾನ್ ದುಪಟ್ಟಾ ಬೇಡ, ಆರ್ಕ್ ಬಿದ್ದರೆ ಕರಗಿ ಮೈಗೆ ಅಂಟುತ್ತದೆ, ಹತ್ತಿ ಬಟ್ಟೆಯೇ ಇರಲಿ.

ಸಬ್‌ಸ್ಟೇಷನ್‌ಗೆ ಹಾಕಿದರೆ ಪಾಳಿ ಕೆಲಸ, ರಾತ್ರಿ ಪಾಳಿಯೂ ಬರುತ್ತದೆ. ಸೇರುವ ಮುಂಚೆ ಒಮ್ಮೆ ಹೋಗಿ ಮೂರು ನೋಡಿಕೊಳ್ಳಿ: ಊರಿನಿಂದ ಎಷ್ಟು ದೂರ, ಫೋನಿಗೆ ಸಿಗ್ನಲ್ ಇದೆಯೇ, ನೀರಿರುವ ಶೌಚಾಲಯ ಇದೆಯೇ. ಮೂರನೆಯದು ಇಲ್ಲದಿದ್ದರೆ ಮೇಲಧಿಕಾರಿಗೆ ಬರವಣಿಗೆಯಲ್ಲಿ ಕೊಟ್ಟು ಸ್ವೀಕೃತಿ ತಗೊಳ್ಳಿ. ಬಾಯಿಮಾತಿಗೆ ಎಸ್ಟಿಮೇಟ್ (ಕಾಮಗಾರಿಯ ಖರ್ಚಿನ ಅಂದಾಜು) ಆಗುವುದಿಲ್ಲ.