ಹಳೆ ಪಿಕಪ್ಪು, ಎರಿ ಹೊಲ

ನಮ್ಮದು ಕುಂದಗೋಳ ತಾಲೂಕಿನ ಎರಿ ಭೂಮಿ, ಅಂದರೆ ಕಪ್ಪು ಮಣ್ಣು. ಹೆಸರುಕಾಳು, ಮೆಣಸಿನಕಾಯಿ, ಹಿಂಗಾರಿಗೆ ಕಡಲೆ. ಬ್ಯಾಡಗಿ ಪೇಟೆಯಲ್ಲಿ ಮೆಣಸಿನಕಾಯಿ ವ್ಯಾಪಾರ ಸೋಮವಾರ ಮತ್ತು ಗುರುವಾರ. ಬಾಡಿಗೆ ಗಾಡಿಗೂ ಅದೇ ದಿನಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ಗಾಡಿ ಸಿಗುವಷ್ಟರಲ್ಲಿ ತುಂಬಿಟ್ಟ ಚೀಲಗಳು ಅಂಗಳದಲ್ಲಿ ಇಬ್ಬನಿ ಕುಡಿದಿರುತ್ತಿದ್ದವು. ಅದಕ್ಕೇ ಸೆಕೆಂಡ್ ಹ್ಯಾಂಡ್ ಪಿಕಪ್ ತಗೊಂಡೆ. 2015ರ ಮಾಡೆಲ್, 3 ಲಕ್ಷ 40 ಸಾವಿರ.

ಕೊಳ್ಳುವ ಮೊದಲು ನಾನು ಇಂಜಿನ್ ಆಯಿಲ್ ಮುಚ್ಚಳ ತೆಗೆದು ಹೊಗೆ ಬರುತ್ತಾ ಅಂತ ನೋಡುತ್ತಿದ್ದೆ. ಜೊತೆಗೆ ಬಂದಿದ್ದ ಹುಬ್ಬಳ್ಳಿಯ ಮೆಕ್ಯಾನಿಕ್ ಸೀದಾ ಗಾಡಿ ಕೆಳಗೆ ನುಸುಳಿದರು. "ಇಂಜಿನ್ ಬಿಚ್ಚಿ ಕಟ್ಟಬಹುದು ತಮ್ಮಾ. ಚಾಸಿ ಸೀಳಿತ್ತಂದ್ರ ಆ ಗಾಡಿ ಬ್ಯಾಡ" ಅಂದರು. ಚಾಸಿ, ಅಂದರೆ ಗಾಡಿಯ ಅಡಿಯ ಚೌಕಟ್ಟು, ಗಟ್ಟಿ ಇತ್ತು. ಭಾರ ತಡೆಯುವ ಸ್ಪ್ರಿಂಗ್ ಪಟ್ಟಿ, ಪಾಟಾ, ಮಾತ್ರ ಕುಗ್ಗಿತ್ತು. ಆಮೇಲೆ ಹಿಂದೆ ಹಾಸಿದ್ದ ರಬ್ಬರ್ ಮ್ಯಾಟ್ ಎತ್ತಿದರು. ಕೆಳಗಿನ ತಗಡು ಹಪ್ಪಳದ ಹಾಗೆ ಪದರ ಪದರ ಎದ್ದಿತ್ತು. ಸ್ಕ್ರೂಡ್ರೈವರ್ ಒತ್ತಿದರೆ ಆಚೆ ಬಂತು. ಯೂರಿಯಾ ಉದುರಿ, ಅದಕ್ಕೆ ನೀರು ಸೇರಿ ತಿಂದುಬಿಟ್ಟಿತ್ತು. ಆ ಭಾಗ ಕತ್ತರಿಸಿ ಹೊಸ ತಗಡು ವೆಲ್ಡಿಂಗ್ ಮಾಡಿಸಿದೆ, ಮೇಲೆ ತುಕ್ಕು ತಡೆಯೋ ರೆಡ್ ಆಕ್ಸೈಡ್ ಬಣ್ಣ ಹೊಡೆಸಿದೆ. ಈಗ ಗೊಬ್ಬರ ಇಳಿಸಿದ ದಿನವೇ ತೊಳೀತೀವಿ, ರಾತ್ರಿ ಬಿಡೋದಿಲ್ಲ.

ಕಾಗದದ ವಿಷಯದಲ್ಲಿ ಗಡಿಬಿಡಿ ಮಾಡಬೇಡಿ. ಮಾರಿದವರು ಸಾಲ ತೀರಿಸಿದ್ದರೂ ಗಾಡಿಯ ನೋಂದಣಿ ಪತ್ರ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಹಾಗೇ ಇತ್ತು. ಬ್ಯಾಂಕಿನ ಆಕ್ಷೇಪಣೆ ಇಲ್ಲ ಅನ್ನೋ ಪತ್ರ (ಎನ್‌ಒಸಿ) ಮತ್ತು ಆ ಹೆಸರು ತೆಗೆಸೋ ಫಾರ್ಮ್ 35 ಕೈಗೆ ಬರೋ ತನಕ ನಾನು ಪೂರ್ತಿ ದುಡ್ಡು ಕೊಡಲಿಲ್ಲ. ಮಾಲೀಕತ್ವ ಬದಲಿಸೋ ಫಾರ್ಮ್ 29, 30 ಸಹಿ ಆದಮೇಲೆ ವಿಮೆಯನ್ನೂ 14 ದಿನದೊಳಗೆ ನನ್ನ ಹೆಸರಿಗೆ ಮಾಡಿಸಿಕೊಂಡೆ. ಇನ್ನೊಂದು, ಸರಕು ಗಾಡಿಗೆ 8 ವರ್ಷ ದಾಟಿದರೆ ಫಿಟ್ನೆಸ್, ಅಂದರೆ ಗಾಡಿ ಓಡಿಸೋಕೆ ಯೋಗ್ಯ ಅನ್ನೋ ಪ್ರಮಾಣಪತ್ರ, ವರ್ಷಾ ವರ್ಷಾ ಮಾಡಿಸಬೇಕು. ಆ ಖರ್ಚನ್ನೂ ಸೇರಿಸಿಯೇ ಬೆಲೆ ಮಾತಾಡಿ.

ನಾನು ತಪ್ಪು ಮಾಡಿದ್ದು ಹೆಸರುಕಾಳಿನ ರಾಶಿ ಹೊತ್ತಿಗೆ, ಗಾಡಿಯನ್ನು ಹೊಲಕ್ಕೆ ಇಳಿಸಿ. ಹಿಂದಿನ ದಿನ ಮಳೆ ಆಗಿತ್ತು, ಮೇಲೆ ಒಣಗಿದ ಹಾಗೆ ಕಾಣುತ್ತಿತ್ತು. "ಇಳಿಸಬ್ಯಾಡೋ, ಒಳಗ ಹಸಿ ಐತಿ" ಅಂತ ಅಪ್ಪ ಬದುವಿನ ಮೇಲೆ ನಿಂತು ಕೂಗಿದರು. ನಾನು ಇಳಿಸಿದೆ. ಎರಿ ಮಣ್ಣು ಟೈರಿನ ಹಲ್ಲಿನೊಳಗೆ ತುಂಬಿಕೊಂಡು ಗಾಲಿ ನುಣ್ಣಗಾಯಿತು. ಖಾಲಿ ಪಿಕಪ್‌ಗೆ ಹಿಂದೆ ಭಾರ ಇರಲ್ಲ, ತಿರುಗೋದು ಹಿಂದಿನ ಗಾಲಿಗಳೇ. ಎಕ್ಸಲರೇಟರ್ ಒತ್ತಿದಷ್ಟೂ ಕೂತಿತು. ಕ್ಲಚ್ ಸುಟ್ಟ ವಾಸನೆ ಬಂದಮೇಲೆ ಬಿಟ್ಟೆ. ಸಂಜೆ ಪಕ್ಕದ ಹೊಲದವರ ಟ್ರ್ಯಾಕ್ಟರ್ ಬಂದು ಎಳೆಯಿತು. ಅವತ್ತಿನಿಂದ ಹೊಲದಿಂದ ರಸ್ತೆ ತನಕ ಚಕ್ಕಡಿ, ಅಲ್ಲಿಂದ ಮುಂದೆ ಪಿಕಪ್. ಎತ್ತು ಮಾರೋಣ ಅಂದಿದ್ದ ನಾನೇ ಆ ಮಾತು ಬಿಟ್ಟೆ.

ಮೆಣಸಿನಕಾಯಿ ಹೇರೋದು ಬೇರೆ ಥರ. ತೂಕ ಕಡಿಮೆ, ಚೀಲ ದೊಡ್ಡದು. ಗಾಡಿ ಎಷ್ಟು ಕ್ವಿಂಟಲ್ ತಡೆಯುತ್ತೆ ಅನ್ನೋದಕ್ಕಿಂತ ಎಷ್ಟು ಎತ್ತರ ಕಟ್ಟಬಹುದು ಅನ್ನೋದೇ ಲೆಕ್ಕ. ಜಾಸ್ತಿ ಎತ್ತರಿಸಿದರೆ ಹೈವೇಯಲ್ಲಿ ಗಾಳಿಗೆ ಗಾಡಿ ಓಲಾಡುತ್ತೆ. ಹಾಗಾಗಿ ಒಂದು ಸಾಲು ಕಡಿಮೆ ಹಾಕಿ, ತಾಡಪತ್ರಿ ಹೊದಿಸಿ, ಹಗ್ಗ ಅಡ್ಡಡ್ಡ ಬಿಗೀತೀನಿ. ಹಿಂದಿನ ದಿನ ತೊಳೆದ ಗಾಡಿ ಬಿಸಿಲಿಗೆ ಪೂರ್ತಿ ಒಣಗಿರಲೇಬೇಕು. ಹಸಿ ತಗಲಿದರೆ ಕಾಯಿಯ ಬಣ್ಣ ಹೋಗುತ್ತೆ. ಬ್ಯಾಡಗಿ ಕಾಯಿಗೆ ದರ ಸಿಗೋದೇ ಬಣ್ಣಕ್ಕೆ, ಅಲ್ವಾ?

ಕಳೆದ ಸುಗ್ಗಿಯಲ್ಲಿ ಒಂದು ಭಾನುವಾರ ಎಲ್ಲಾ ಹೇರಿ ಆಗಿತ್ತು, ಮೋಡ ಕಟ್ಟಿತು. ಅಪ್ಪ ಆಕಾಶ ನೋಡಿ, "ಇಳಿಸ್ರಿ, ಗುರುವಾರ ಹೋಗೋಣು" ಅಂದರು. ಚೀಲ ಇಳಿಸಿ ಒಳಮನೆಗೆ ಇಟ್ಟೆವು. ಗಾಡಿ ನಮ್ಮದೇ, ಯಾರಿಗೂ ಫೋನ್ ಮಾಡಬೇಕಾಗಲಿಲ್ಲ.