ಪಹಣಿ ಯಾರ ಹೆಸರಲ್ಲಿದೆ? ವರ್ಡ್‌ಪ್ರೆಸ್‌ನಲ್ಲಿ ನಮ್ಮದೇ ಸೈಟ್ ಕಟ್ಟುವ ಬಗೆ

ನಮ್ಮ ಮೊದಲ ಸೈಟ್ ದುಡ್ಡು ಕೊಟ್ಟು ಮಾಡಿಸಿದ್ದು. ಸೋಮವಾರಪೇಟೆಯಿಂದ ಮಲ್ಲಳ್ಳಿ ಜಲಪಾತಕ್ಕೆ ಹೋಗುವ ದಾರಿಯಲ್ಲಿ ಮೂರು ರೂಮಿನ ಹೋಂಸ್ಟೇ ನಮ್ಮದು. ಸೈಟ್ ಚೆನ್ನಾಗಿಯೇ ಇತ್ತು. ಎರಡನೇ ವರ್ಷ ಮಾಡಿಕೊಟ್ಟವರು ಫೋನ್ ಎತ್ತೋದು ಬಿಟ್ಟರು. ಆ ಡಿಸೆಂಬರ್‌ನಲ್ಲಿ ನಾನು ಕಾಫಿ ಕಣದಲ್ಲಿದ್ದಾಗ ಯಾರೋ ಫೋನ್ ಮಾಡಿ, "ಮೇಡಂ, ನಿಮ್ಮ ಸೈಟ್ ತೆಗೆದರೆ ಏನೂ ಬರ್ತಿಲ್ಲ" ಅಂದರು. ನೋಡಿದರೆ ಡೊಮೈನ್, ಅಂದರೆ ಸೈಟಿನ ವಿಳಾಸ, ಅವರ ಹೆಸರಲ್ಲಿತ್ತು; ಹೋಸ್ಟಿಂಗ್, ಅಂದರೆ ಸೈಟ್ ಇಡುವ ಬಾಡಿಗೆ ಜಾಗ, ಅವರ ಖಾತೆಯಲ್ಲಿತ್ತು. ನನ್ನ ಹತ್ತಿರ ಇದ್ದದ್ದು ಬಿಲ್ಲು ಮಾತ್ರ. ತೋಟದ ಪಹಣಿಯನ್ನು ವರ್ಷಕ್ಕೊಮ್ಮೆ ತೆಗೆದು ನೋಡುವ ನಾನು ಇದು ಯಾರ ಹೆಸರಲ್ಲಿದೆ ಅಂತ ವಿಚಾರಿಸಿಯೇ ಇರಲಿಲ್ಲ.

ಎರಡನೇ ಸಲ ನಾನೇ ಕಟ್ಟಿದೆ, ವರ್ಡ್‌ಪ್ರೆಸ್ ಎಂಬ ಸೈಟ್ ಕಟ್ಟುವ ತಂತ್ರಾಂಶದಲ್ಲಿ. ಈಚೆಗೆ ಜೇನು, ಕಾಳುಮೆಣಸು ಮಾರುವ ನಮ್ಮ ಅತ್ತಿಗೆಗೂ ಒಂದು ಕಟ್ಟಿಕೊಟ್ಟೆ. ಅವರಿಗೆ ಹೇಳಿಕೊಟ್ಟ ಹಾಗೇ ಇಲ್ಲಿ ಬರೆಯುತ್ತಿದ್ದೇನೆ.

ವರ್ಡ್‌ಪ್ರೆಸ್ ಹುಟ್ಟಿದ ಕತೆ ನನಗೆ ತುಂಬಾ ಇಷ್ಟ. ಮೊದಲು ಬಿ2 ಅಂತ ಒಂದು ತಂತ್ರಾಂಶ ಇತ್ತು. ಅದನ್ನು ಬರೆದವರು ನಡುವೆ ಸುಮ್ಮನಾಗಿಬಿಟ್ಟರು, ಥೇಟ್ ನಮ್ಮ ಸೈಟಿನವರ ಹಾಗೆ. ಆದರೆ ಅದು ಜಿಪಿಎಲ್ ಎಂಬ ಮುಕ್ತ ಪರವಾನಗಿಯಲ್ಲಿತ್ತು. ಯಾರು ಬೇಕಾದರೂ ತೆಗೆದುಕೊಂಡು, ತಿದ್ದಿ, ಮುಂದುವರಿಸಬಹುದಿತ್ತು. ಹಾಗಾಗಿ ಮ್ಯಾಟ್ ಮಲ್ಲನ್‌ವೆಗ್, ಮೈಕ್ ಲಿಟಲ್ ಎಂಬ ಇಬ್ಬರು ಅದನ್ನೇ ಎತ್ತಿಕೊಂಡು 2003ರ ಮೇ ತಿಂಗಳಲ್ಲಿ ವರ್ಡ್‌ಪ್ರೆಸ್ ಅಂತ ಹೊರತಂದರು. ಇವತ್ತು ಜಗತ್ತಿನ ನೂರು ಸೈಟುಗಳಲ್ಲಿ 40ಕ್ಕೂ ಹೆಚ್ಚು ಇದರ ಮೇಲೇ ನಡೆಯುತ್ತವೆ. ಬರೆದವರು ಬಿಟ್ಟು ಹೋದರೂ ಅದು ಉಳಿಯಿತು. ನಮ್ಮದು ಹೋಯಿತು.

ಈಗ ಕೆಲಸಕ್ಕೆ ಬರೋಣ. ವರ್ಡ್‌ಪ್ರೆಸ್ ಡಾಟ್ ಕಾಮ್ ಬೇರೆ, ವರ್ಡ್‌ಪ್ರೆಸ್ ಡಾಟ್ ಆರ್ಗ್ ಬೇರೆ. ಡಾಟ್ ಕಾಮ್ ಒಂದು ಕಂಪನಿಯ ಸೇವೆ, ಸೈಟ್ ಅವರ ಜಾಗದಲ್ಲಿ ಇರುತ್ತದೆ. ಡಾಟ್ ಆರ್ಗ್‌ನಲ್ಲಿ ಸಿಗುವುದು ತಂತ್ರಾಂಶ. ಅದನ್ನು ನಮಗೆ ಬೇಕಾದ ಹೋಸ್ಟಿಂಗ್‌ನಲ್ಲಿ ಹಾಕಿಕೊಳ್ಳಬೇಕು. ನಾನು ಹೇಳುತ್ತಿರುವುದು ಎರಡನೆಯದು.

ಡೊಮೈನ್ ಅಂದರೆ ಪಹಣಿ ಅಂದುಕೊಳ್ಳಿ. ನಿಮ್ಮ ಹೆಸರು, ನಿಮ್ಮ ಇಮೇಲ್, ನಿಮ್ಮ ಫೋನ್ ನಂಬರ್ ಕೊಟ್ಟು ನೀವೇ ಕೊಳ್ಳಿ. ಅಣ್ಣನ ಮಗ ಮಾಡಿಕೊಡ್ತೀನಿ ಅಂದರೂ ಪಕ್ಕದಲ್ಲಿ ಕೂತು ನಿಮ್ಮ ಖಾತೆಯಲ್ಲೇ ಮಾಡಿಸಿ. ಮೊದಲ ವರ್ಷದ ಬೆಲೆ ನೋಡಿ ಮರುಳಾಗಬೇಡಿ, ಎರಡನೇ ವರ್ಷ ಎಷ್ಟು ಅಂತ ನೋಡಿ. ಹೋಸ್ಟಿಂಗ್‌ಗೂ ಇದೇ ಮಾತು. ಅದು ವರ್ಡ್‌ಪ್ರೆಸ್ ನಡೆಯಲು ಬೇಕಾದ ಪಿಎಚ್‌ಪಿ ಮತ್ತು ಬರೆದದ್ದನ್ನು ಇಡುವ ಡೇಟಾಬೇಸ್ ಮೈಎಸ್‌ಕ್ಯುಎಲ್ ಇರುವ ಹೋಸ್ಟಿಂಗ್ ಆಗಿರಬೇಕು, ಅಗ್ಗದ್ದರಲ್ಲೂ ಇರುತ್ತದೆ. ಸೈಟಿಗೂ ನೋಡುವವರಿಗೂ ನಡುವೆ ಓಡಾಡುವ ಮಾಹಿತಿಯನ್ನು ಗುಟ್ಟಾಗಿಡುವ ಎಸ್‌ಎಸ್‌ಎಲ್ ಉಚಿತವಾಗಿ ಕೊಡುತ್ತಾರಾ ಅಂತ ಮೊದಲೇ ಕೇಳಿ.

ಇನ್‌ಸ್ಟಾಲ್ ಮಾಡುವುದು ಸುಲಭ. ಹೆಚ್ಚಿನ ಕಡೆ ಒಂದು ಬಟನ್ ಒತ್ತಿದರೆ ಆಯಿತು. ಬಳಕೆದಾರರ ಹೆಸರು ಕೇಳಿದಾಗ 'ಅಡ್ಮಿನ್' ಅಂತ ಕೊಡಬೇಡಿ. ಕಳ್ಳರು ಮೊದಲು ತಟ್ಟಿ ನೋಡುವ ಬಾಗಿಲು ಅದು.

ಒಳಗೆ ಹೋದ ಮೇಲೆ ಸೆಟ್ಟಿಂಗ್ಸ್. ಸೈಟ್ ಭಾಷೆ ಕನ್ನಡ ಮಾಡಿ; ಪುಟ ಕನ್ನಡದ್ದು ಅಂತ ಬ್ರೌಸರ್‌ಗೂ ಓದಿ ಹೇಳುವ ತಂತ್ರಾಂಶಕ್ಕೂ ಗೊತ್ತಾಗುತ್ತದೆ. ಆದರೆ ನನ್ನ ಪ್ರೊಫೈಲ್‌ನಲ್ಲಿ ಇಂಗ್ಲಿಷ್ ಇಟ್ಟುಕೊಂಡಿದ್ದೇನೆ. ಯೂಟ್ಯೂಬ್‌ನಲ್ಲಿ ಹೇಳಿಕೊಡುವವರು ಇಂಗ್ಲಿಷ್ ಮೆನುವನ್ನೇ ತೋರಿಸುವುದು, ಏನು ಮಾಡೋದು? ಟೈಮ್‌ಝೋನ್‌ಗೆ ಬೆಂಗಳೂರು ಹುಡುಕಿದರೆ ಸಿಗಲ್ಲ, ಕೋಲ್ಕತ್ತಾ ಆರಿಸಿ. ರೀಡಿಂಗ್ ಎಂಬಲ್ಲಿ ಸರ್ಚ್ ಎಂಜಿನ್‌ಗಳನ್ನು ದೂರ ಇಡುವ ಒಂದು ಟಿಕ್ ಗುರುತು ಇದೆ. ಕಟ್ಟುವಾಗ ಹಾಕಿಕೊಳ್ಳಿ, ಮುಗಿದ ದಿನ ಮರೆಯದೆ ತೆಗೆಯಿರಿ. ನಾನು ಎರಡು ತಿಂಗಳು ಮರೆತಿದ್ದೆ. ಗೂಗಲ್‌ನಲ್ಲಿ ಯಾಕೆ ಬರ್ತಿಲ್ಲ ಅಂತ ಮನೆಯವರನ್ನು ಸುಮ್ನೆ ಬೈಯುತ್ತಿದ್ದೆ.

ಬರೆಯುವ ಜಾಗ ಎರಡು, ಪೇಜ್ ಮತ್ತು ಪೋಸ್ಟ್. ರೂಮು, ಬಾಡಿಗೆ, ದಾರಿ ಇವೆಲ್ಲ ಪೇಜ್. ವರ್ಷಪೂರ್ತಿ ಹಾಗೇ ಇರುತ್ತವೆ. ಪೋಸ್ಟ್‌ಗೆ ತಾರೀಕು ಇರುತ್ತದೆ. ಮಾರ್ಚ್‌ನಲ್ಲಿ ಹೂ ಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ತೋಟ ಬೆಳ್ಳಗಾಗುತ್ತದಲ್ವಾ, ಆಗ ಒಂದು ಪೋಸ್ಟ್. ಮಳೆಗಾಲದಲ್ಲಿ ರಸ್ತೆ ಹೇಗಿದೆ ಅಂತ ಒಂದು ಪೋಸ್ಟ್. ಅತ್ತಿಗೆ ಮೊದಲು ಎಲ್ಲವನ್ನೂ ಪೋಸ್ಟ್‌ನಲ್ಲೇ ಹಾಕಿದರು. ಜೇನಿನ ಬೆಲೆ ಹೋಗಿ ಹಳೆಯ ಪೋಸ್ಟ್‌ಗಳ ಅಡಿಯಲ್ಲಿ ಕೂತಿತ್ತು. ಮುಖಪುಟಕ್ಕೂ ಒಂದು ಪೇಜ್ ಮಾಡಿ, ಅದೇ ರೀಡಿಂಗ್‌ನಲ್ಲಿ ಅದನ್ನು ಆರಿಸಿಬಿಡಿ.

2018ರ ಡಿಸೆಂಬರ್‌ನಲ್ಲಿ ಬಂದ 5.0 ಆವೃತ್ತಿಯಿಂದ ಬರೆಯುವುದು ಬ್ಲಾಕ್‌ಗಳಲ್ಲಿ. ಒಂದು ಪ್ಯಾರಾ ಒಂದು ಬ್ಲಾಕ್, ಒಂದು ಫೋಟೋ ಒಂದು ಬ್ಲಾಕ್. ಮೇಲೆ ಕೆಳಗೆ ಸರಿಸಬಹುದು. ಅರ್ಧ ಗಂಟೆಯಲ್ಲಿ ಕೈಗೆ ಹತ್ತುತ್ತದೆ.

ಕನ್ನಡದಲ್ಲಿ ಬರೆಯುವವರಿಗೆ ಬರುವ ಎರಡು ತೊಂದರೆ ಹೇಳಲೇಬೇಕು. ಹಳೆಯ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿಸಿಟ್ಟದ್ದನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಕಾಣುತ್ತದೆ. ಮೊದಲು ಎಲ್ಲ ಕಡೆ ಸರಿಯಾಗಿ ಕಾಣುವ ಯೂನಿಕೋಡ್‌ಗೆ ಬದಲಾಯಿಸಿಕೊಳ್ಳಿ.

ಇನ್ನೊಂದು, ವಿಳಾಸದ್ದು. ಸೆಟ್ಟಿಂಗ್ಸ್‌ನ ಪರ್ಮಾಲಿಂಕ್ಸ್‌ನಲ್ಲಿ 'ಪೋಸ್ಟ್ ನೇಮ್' ಆರಿಸಿದರೆ ಶೀರ್ಷಿಕೆಯಿಂದಲೇ ಪುಟದ ವಿಳಾಸ ಹುಟ್ಟುತ್ತದೆ. ಒಳ್ಳೆಯದೇ. ಆದರೆ ಕನ್ನಡ ಶೀರ್ಷಿಕೆ ಇದ್ದರೆ ಅದು ಒಳಗೆ ಶೇಕಡಾ ಗುರುತಿನ ಸರಮಾಲೆ ಆಗುತ್ತದೆ. ಯೂನಿಕೋಡ್‌ನ ಒಂದೊಂದು ಕನ್ನಡ ಗುರುತಿಗೆ ಒಂಬತ್ತು ಅಕ್ಷರ ಹಿಡಿಯುತ್ತದೆ. ಕೊಂಬು, ಒತ್ತು ಎಲ್ಲ ಬೇರೆ ಬೇರೆ ಲೆಕ್ಕ. 'ಮಳೆಗಾಲದಲ್ಲಿ' ಎಂಬ ಒಂದೇ ಪದಕ್ಕೆ 99! ವರ್ಡ್‌ಪ್ರೆಸ್ ಇದಕ್ಕೆ ಇಟ್ಟಿರುವ ಜಾಗ 200 ಅಕ್ಷರ. ಅಂದರೆ ಅಂಥ ಎರಡು ಪದಕ್ಕೇ ಜಾಗ ಭರ್ತಿ, ಉಳಿದದ್ದು ಕತ್ತರಿ. ವಾಟ್ಸಾಪ್‌ನಲ್ಲಿ ಕಳಿಸಿದರೆ ಪರದೆ ತುಂಬಾ ಅದೇ ಸರಮಾಲೆ. ಪಬ್ಲಿಷ್ ಒತ್ತುವ ಮೊದಲೇ 'ಸ್ಲಗ್' (ಪುಟದ ವಿಳಾಸದ ಕೊನೆಯ ತುಂಡು) ಎಂಬ ಕಡೆ ಇಂಗ್ಲಿಷ್ ಅಕ್ಷರದಲ್ಲಿ ಎರಡು ಪದ ಹಾಕಿ. ನಾನು ಮಳೆ, ನಡುವೆ ಅಡ್ಡಗೆರೆ, ಮಲ್ಲಳ್ಳಿ ಅಂತ ಹಾಕಿದ್ದೆ. ಅಷ್ಟು ಸಾಕು.

ಫೋಟೋ ವಿಷಯದಲ್ಲಿ ಎಲ್ಲರೂ ತಪ್ಪುತ್ತಾರೆ. ಫೋನಿನ ಫೋಟೋ ಒಂದೊಂದೂ ನಾಲ್ಕೈದು ಎಂಬಿ. ನಮ್ಮ ಕಡೆ ಜುಲೈ ತಿಂಗಳ ನೆಟ್‌ವರ್ಕ್‌ನಲ್ಲಿ ಅಂಥ ಹತ್ತು ಫೋಟೋ ಇರುವ ಪುಟ ತೆರೆಯುವಷ್ಟರಲ್ಲಿ ಕರೆಂಟೇ ಹೋಗಿರುತ್ತದೆ. 2560 ಪಿಕ್ಸೆಲ್‌ಗಿಂತ ದೊಡ್ಡದನ್ನು ವರ್ಡ್‌ಪ್ರೆಸ್ ತಾನೇ ಕುಗ್ಗಿಸುತ್ತದೆ ನಿಜ, ಆದರೆ ಮೂಲವನ್ನೂ ಇಟ್ಟುಕೊಂಡು ಜಾಗ ತಿನ್ನುತ್ತದೆ. ನಾನು 1600 ಪಿಕ್ಸೆಲ್ ಅಗಲಕ್ಕೆ ಇಳಿಸಿಯೇ ಹಾಕುವುದು. ಪ್ರತಿ ಫೋಟೋಗೂ ಆಲ್ಟ್ ಟೆಕ್ಸ್ಟ್‌ನಲ್ಲಿ, ಅಂದರೆ ಫೋಟೋ ಕಾಣದವರಿಗೆ ಅದರಲ್ಲಿ ಏನಿದೆ ಅಂತ ಹೇಳುವ ಜಾಗದಲ್ಲಿ, ಒಂದು ಸಾಲು ಕನ್ನಡ ಬರೆಯಿರಿ.

ಸೈಟಿನ ಅಂದಚಂದ ನೋಡಿಕೊಳ್ಳುವ ಥೀಮ್‌ಗೆ ತಲೆ ಕೆಡಿಸಿಕೊಳ್ಳಬೇಡಿ, ಜೊತೆಗೆ ಬಂದದ್ದೇ ಸಾಕು. ದುಡ್ಡಿನ ಥೀಮ್ ಬಿಟ್ಟಿ ಕೊಡ್ತೀವಿ ಅನ್ನುವವರ ಹತ್ತಿರ ಮಾತ್ರ ಹೋಗಬೇಡಿ, ಒಳಗೆ ಏನು ಅಡಗಿಸಿರುತ್ತಾರೋ. ಪ್ಲಗಿನ್ ಅಂದರೆ ಹೆಚ್ಚಿನ ಕೆಲಸಕ್ಕೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶ; ಹಾಕುವ ಮೊದಲು ಅದು ಕೊನೆಗೆ ಯಾವಾಗ ಅಪ್‌ಡೇಟ್ ಆಗಿದೆ ನೋಡಿ. ಎರಡು ವರ್ಷದಿಂದ ಯಾರೂ ಮುಟ್ಟಿಲ್ಲ ಅಂದರೆ ನಾನು ಬಿಟ್ಟುಬಿಡುತ್ತೇನೆ. ನನ್ನಲ್ಲಿ ಇರುವುದು ನಾಲ್ಕೇ ಪ್ಲಗಿನ್.

ಮನೆಯ ಹುಡುಗರಿಗೆ ಬರೆಯಲು ಕೊಡುವುದಾದರೆ ನಿಮ್ಮ ಪಾಸ್‌ವರ್ಡ್ ಕೊಡಬೇಡಿ. ಯೂಸರ್ಸ್‌ನಲ್ಲಿ ಬೇರೆ ಖಾತೆ ಮಾಡಿ 'ಎಡಿಟರ್' ಅಂತ ಕೊಡಿ. ಬರೆಯಬಹುದು, ತಿದ್ದಬಹುದು, ಪ್ಲಗಿನ್ ಮುಟ್ಟಲಾಗದು. ನನ್ನ ಮೈದುನ ಒಮ್ಮೆ ಬಾಡಿಗೆಯ ಪುಟವನ್ನೇ ಅಳಿಸಿ ಖಾಲಿ ಸೇವ್ ಮಾಡಿದ್ದ. ಪುಟದ ಹಳೆಯ ಪ್ರತಿಗಳು ಇರುವ ರಿವಿಜನ್ಸ್‌ಗೆ ಹೋಗಿ ಹಿಂದಿನ ದಿನದ ಪುಟವನ್ನು ವಾಪಸ್ ತಂದೆ.

ಕೊನೆಗೆ ಬ್ಯಾಕಪ್. ಸೈಟ್ ಎರಡು ಕಡೆ ಹಂಚಿರುತ್ತದೆ. ಬರೆದದ್ದೆಲ್ಲ ಡೇಟಾಬೇಸ್‌ನಲ್ಲಿ, ಫೋಟೋ, ಥೀಮ್, ಪ್ಲಗಿನ್ ಎಲ್ಲ ಡಬ್ಲ್ಯುಪಿ-ಕಂಟೆಂಟ್ ಎಂಬ ಫೋಲ್ಡರ್‌ನಲ್ಲಿ. ಎರಡೂ ಬೇಕು. ಟೂಲ್ಸ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿದರೆ ಸಿಗುವ ಫೈಲ್‌ನಲ್ಲಿ ಬರಹ ಇರುತ್ತದೆ, ಫೋಟೋ ಇರಲ್ಲ, ಅದರ ಕೊಂಡಿ ಮಾತ್ರ. ನಾನು ಅಪ್‌ಡ್ರಾಫ್ಟ್‌ಪ್ಲಸ್ ಪ್ಲಗಿನ್ ಬಳಸುತ್ತೇನೆ. ವಾರಕ್ಕೊಮ್ಮೆ ಎರಡನ್ನೂ ನನ್ನ ಗೂಗಲ್ ಡ್ರೈವ್‌ಗೆ ಹಾಕುತ್ತದೆ. ಹಾಗಿದ್ದದ್ದಕ್ಕೇ ಹೋದ ವರ್ಷ ಹೋಸ್ಟಿಂಗ್ ಬೆಲೆ ಏರಿಸಿದಾಗ ಯಾರನ್ನೂ ಕೇಳದೆ ಬೇರೆ ಕಡೆಗೆ ಎತ್ತಿಕೊಂಡು ಹೋದೆ. ಒಂದು ಮಧ್ಯಾಹ್ನದ ಕೆಲಸ. ಒಂದು ಪ್ರತಿ ಪೆನ್‌ಡ್ರೈವ್‌ನಲ್ಲೂ ಇದೆ. ಅದನ್ನೂ ಡೊಮೈನ್ ನವೀಕರಿಸುವ ತಾರೀಕು ಬರೆದ ಚೀಟಿಯನ್ನೂ ಪಹಣಿ, ಕಂದಾಯದ ರಸೀದಿ ಇಡುವ ಟ್ರಂಕಿನಲ್ಲೇ ಇಟ್ಟಿದ್ದೇನೆ.